ಎಂಟನೇ ತಿಂಗಳ ಅಳು

ಕೂಸು ಅಳಲಿಲ್ಲ.

ಬಿದಿರ ತಟ್ಟಿಯ ಸಂದಿಗೆ ಕಣ್ಣಿಟ್ಟು ಹೊರಗೆ ನಿಂತಿದ್ದ ಡಾಕ್ಟರ್ ದಿವಾಕರನ್ ಕೈಗಡಿಯಾರ ನೋಡಿಕೊಂಡ. ಅಪರಿಚಿತನೊಬ್ಬ ಗುಡಿಸಲೊಳಗೆ ಹೋಗಿ ಒಂದು ನಿಮಿಷವಾಗಿತ್ತು. ಹತ್ತು ತಿಂಗಳ ಹೆಣ್ಣುಕೂಸು ಇಷ್ಟರಲ್ಲಿ ಚೀರಬೇಕಿತ್ತು, ತಾಯಿಯ ಕುತ್ತಿಗೆಗೆ ಜೋತುಬೀಳಬೇಕಿತ್ತು. ಇದು ಎರಡು ಹಲ್ಲು ತೋರಿಸಿ ನಕ್ಕಿತು. ತಾಯಿಯ ತೊಡೆಯಿಂದ ಜಾರಿ, ಅಂಬೆಗಾಲಿಕ್ಕಿ ಹೋಗಿ, ಆ ಅಪರಿಚಿತನ ಪಂಚೆಯ ಅಂಚು ಹಿಡಿಯಿತು.

ಒಳಗೆ ಹೋದವನು ಮಹದೇವಪ್ಪ. ಗುಂಡ್ಲುಪೇಟೆ ಕಡೆಯವನು, ಬತ್ತೇರಿ ಪೇಟೆಯಲ್ಲಿ ಅಂಗಡಿ, ಹೆಂಡತಿ, ಮದುವೆಗೆ ಬಂದ ಮಗಳು. ಕಾಡಿನವರಿಂದ ಜೇನು, ಸೀಗೆ ಕೊಂಡು ಮಾರುವ ಕಸುಬು. ಮುತ್ತಂಗದ ಹಾಡಿಗಳ ಮಾತು ಕನ್ನಡಕ್ಕೆ ಹತ್ತಿರ; ಕೋಳಿಕ್ಕೋಡಿನ ಡಾಕ್ಟರಿಗೆ ಅದರಲ್ಲಿ ಒಂದಕ್ಷರವೂ ತಿಳಿಯದು. ಕೂಸಿನ ತಾಯಿ ನೀಲಿಗೆ ಮಲಯಾಳ ಬಾರದು. ಆದ್ದರಿಂದ ನಡುವೆ ಮಹದೇವಪ್ಪ. ಈ ಹಾಡಿಯ ಕಡೆ ತಲೆ ಹಾಕದೆ ಎರಡು ವರ್ಷವಾಯಿತೆಂದು ಅವನು ಹೇಳಿದ್ದರಿಂದ, ಅಪರಿಚಿತನ ಪಾತ್ರವನ್ನೂ ಡಾಕ್ಟರ್ ಅವನಿಗೇ ಕೊಟ್ಟಿದ್ದ.

ವಯನಾಡು ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮೂನೆಗಳ ಮೇಲೆ ಅಚ್ಚಾಗಿದ್ದ ಕೋಳಿಕ್ಕೋಡನ್ನು ಹೊಡೆದು, ಪಕ್ಕದಲ್ಲಿ ವಯನಾಡು ಎಂದು ಶಾಯಿಯಲ್ಲಿ ಬರೆದಿದ್ದರು. ಹಾಡಿಯ ಕೂಸುಗಳನ್ನು ಪರೀಕ್ಷಿಸಿ, ತಾಯಂದಿರು ಸಾಕಲಾರದವನ್ನು ಶಿಶುನಿಲಯಕ್ಕೆ ಸೇರಿಸುವ ಕೆಲಸ ದಿವಾಕರನ್‌ನದು. ನೀಲಿಯ ಗುಡಿಸಲು ತೋರಿಸಿದವನೂ ಮಹದೇವಪ್ಪನೇ. ಗಂಡನಿಲ್ಲದ ಹೆಣ್ಣು, ಕೂಸಿನ ಗತಿ ನೋಡಲಾಗದು ಎಂದು ಮೂರು ಸಲ ಹೇಳಿದ್ದ.

"ಕೂಸು ಮೊದಮೊದಲು ತಾಯಿಯ ಎದೆಯನ್ನೇ ಲೋಕ ಅಂದುಕೊಂಡಿರುತ್ತದೆ," ದಿವಾಕರನ್ ನರ್ಸ್ ಕಾರ್ತುವಿಗೆ ವಿವರಿಸಿದ. "ಎಂಟನೇ ತಿಂಗಳಿಗೆ ತಾಯಿಯ ಮುಖ ಒಳಗೆ ಕೂತುಬಿಡುತ್ತದೆ. ಆಮೇಲೆ ಹೊಸಬರನ್ನು ಕಂಡರೆ ಅಳು. ಈ ಕೂಸಿಗೆ ಅಳುವೇ ಬರಲಿಲ್ಲ. ಅಂದರೆ ಒಳಗೆ ಯಾವ ಮುಖವೂ ಕೂತಿಲ್ಲ."

ಬಾಗಿಲಿಗೆ ಮಹದೇವಪ್ಪ ತಾನಾಗಿ ಬಗ್ಗಿ ಹೋಗಿದ್ದ. ಅವನ ಹಿಂದೆ ಒಳಹೊಕ್ಕ ಡಾಕ್ಟರಿಗೆ ತಗ್ಗಿನ ಚೌಕಟ್ಟು ಹಣೆಗೆ ಬಡಿಯಿತು. ಒಳಗೆ ಉಚ್ಚೆಯಲ್ಲಿ ನೆನೆದ ಚಾಪೆ, ಹೊಗೆ, ಕೊಳೆತ ಹಲಸಿನ ನಾತ. ನೀಲಿ ಬೇಯಿಸಿದ ಗೆಣಸನ್ನು ತನ್ನ ಬಾಯಲ್ಲಿ ಅಗಿದು, ಬೆರಳಿಂದ ತೆಗೆದು, ಕೂಸಿನ ಬಾಯಿಗಿಟ್ಟಳು. ಅದರ ಮೂಗಿನ ಸಿಂಬಳವನ್ನು ಅಂಗೈಯಿಂದ ಒರೆಸಿ ಸೀರೆಗೆ ಸವರಿಕೊಂಡಳು. ದಿವಾಕರನ್ ಅದನ್ನು ವರದಿಯಲ್ಲಿ ಬರೆದುಕೊಂಡ. ಮಹದೇವಪ್ಪ ಮೂಗಿಗೆ ಟವೆಲ್ ಹಿಡಿದು, ಎಂಥ ಹೊಲಸು ಜನ್ಮ ಎಂದು ಗೊಣಗಿದ.

ಎದೆಹಾಲು ಯಾವಾಗ ನಿಂತಿತೆಂದು ಡಾಕ್ಟರ್ ಮಹದೇವಪ್ಪನ ಮೂಲಕ ಕೇಳಿಸಿದ. ನೀಲಿ ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಮಾತಾಡಿದಳು. ನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಲು ಕೊಡೋದು ಬೇಜಾರಂತೆ ಸಾರೇ," ಎಂದ ಮಹದೇವಪ್ಪ.

"ಅಷ್ಟೊಂದು ಹೇಳಿದಳಲ್ಲ?"

"ಇವರ ಮಾತೇ ಹಾಗೆ. ಸುತ್ತಿ ಬಳಸಿ ಅಲ್ಲಿಗೇ."

ಕೂಸನ್ನು ಕಳಿಸಲು ಒಪ್ಪಿಗೆಯೇ ಎಂದು ಕೇಳಬೇಕಿತ್ತು. ಈ ಸಲ ಮಹದೇವಪ್ಪನೇ ಬಹಳ ಹೊತ್ತು ಮಾತಾಡಿದ, ತಗ್ಗಿದ ದನಿಯಲ್ಲಿ, ತೋಳಿಗೆ ಸೂಜಿ ಚುಚ್ಚುವ ಸನ್ನೆ ಮಾಡುತ್ತ. ನಿಲಯದಲ್ಲಿ ಕೂಸಿಗೆ ಸೂಜಿ, ಔಷಧಿ ಎಲ್ಲ ಸಿಗುತ್ತದೆಂದು ಧೈರ್ಯ ಹೇಳಿದೆ ಎಂದು ಡಾಕ್ಟರಿಗೆ ತಿಳಿಸಿದ. ನೀಲಿ ಹೆಬ್ಬೆಟ್ಟು ಒತ್ತಿದಳು. ಒತ್ತಿದವಳು ಮಹದೇವಪ್ಪನ ಕಾಲ ಬುಡಕ್ಕೆ ಉಗಿದಳು.

"ಅಸಹ್ಯ," ಎಂದ ದಿವಾಕರನ್. ವರದಿಗೆ ಅದನ್ನೂ ಸೇರಿಸಿದ.

ಕಾರ್ತು ಕೂಸನ್ನೆತ್ತಿಕೊಂಡು ಜೀಪು ಹತ್ತಿದ್ದೇ ತಡ, ಅದು ಚೀರಲು ಶುರುಮಾಡಿತು. ಮೈ ಬಿಲ್ಲಿನಂತೆ ಬಗ್ಗಿಸಿ, ಉಸಿರು ಕಟ್ಟಿ, ನೀಲಿಗಟ್ಟುವಷ್ಟು. ಕಾರ್ತು ತಟ್ಟಿದಳು, ಜೋಗುಳ ಹಾಡಿದಳು. ನಿಲ್ಲಲಿಲ್ಲ. ಕೊನೆಗೆ ಡಾಕ್ಟರ್ ರೇಗಿ ಕೂಸನ್ನು ಮಹದೇವಪ್ಪನ ತೊಡೆಗೆ ಹಾಕಿದ. ಅವನು ಬೇಡವೆಂದು ಕೈ ಆಡಿಸುವಷ್ಟರಲ್ಲೇ ಅದು ಅವನ ಹೆಗಲಿಗೆ ಮುಖ ಒತ್ತಿ, ಎರಡು ಸಲ ಬಿಕ್ಕಿ, ಸುಮ್ಮನಾಯಿತು.

"ನೋಡಿದಿರಾ?" ದಿವಾಕರನ್ ಗೆದ್ದವನಂತೆ ಹೇಳಿದ. "ಯಾರ ತೊಡೆಯಾದರೂ ಆದೀತು ಇದಕ್ಕೆ."

ಕಾರ್ತು ಮಹದೇವಪ್ಪನನ್ನು ನೋಡಿದಳು. ಅವನ ಕಪ್ಪು ಮುಖದಿಂದ ಬೆವರು ಇಳಿಯುತ್ತಿತ್ತು. ಮತ್ತೆ ಅವಳು ಆ ಕಡೆ ತಿರುಗಲಿಲ್ಲ.

ಜೀಪು ಗುರುಗುಟ್ಟಿತು. ಕಾರ್ತುವಿನ ಪಕ್ಕದಲ್ಲಿ ಕೂಸಿನ ಬಟ್ಟೆಯ ಗಂಟೂ ಇದ್ದದ್ದು ಕಂಡ ನೀಲಿಗೆ ಇದು ಬರೀ ಸೂಜಿಗಲ್ಲವೆಂದು ಹೊಳೆಯಿತೇನೋ, ಅಳುತ್ತ ಓಡಿಬಂದು ಜೀಪಿನ ಹಿಂದಿನ ಕಂಬಿ ಹಿಡಿದುಕೊಂಡಳು. ಆಗಲೇ ದಿವಾಕರನ್‌ಗೆ ನಮೂನೆಯಲ್ಲಿ ಒಂದು ಸಾಲು ಖಾಲಿ ಉಳಿದದ್ದು ಕಂಡಿತು. ತಂದೆಯ ಹೆಸರು.

"ಇದು ಮುಖ್ಯ," ಎಂದ. "ಕೂಸನ್ನು ತಾಯಿಯ ಮಡಿಲಿಂದ ಬಿಡಿಸುವವನೇ ತಂದೆ ಅಂತ ನಮ್ಮ ಮನಶ್ಶಾಸ್ತ್ರದಲ್ಲಿದೆ. ಯಾರೆಂದು ಕೇಳಿ."

ಮಹದೇವಪ್ಪ ಈಗ ಅದೆಲ್ಲ ಯಾಕೆ ಸಾರೇ, ಬತ್ತೇರಿ ಸೇರೋಣ ಎಂದ. ಡಾಕ್ಟರ್ ಪೆನ್ನು ಹಿಡಿದೇ ಕಾದ. ಮಹದೇವಪ್ಪ ನೆಲ ನೋಡುತ್ತ ಕೇಳಿದ. ನೀಲಿ ಅಳು ನಿಲ್ಲಿಸಿದಳು. ಡಾಕ್ಟರನ್ನಾಗಲಿ ಕೂಸನ್ನಾಗಲಿ ನೋಡದೆ ಮೂರು ಮಾತು ಹೇಳಿದಳು, ಸಮನಾದ ದನಿಯಲ್ಲಿ.

"ಏನಂತೆ?"

"ಗೊತ್ತಿಲ್ಲವಂತೆ ಸಾರೇ. ಯಾರೋ ಏನೋ."

ದಿವಾಕರನ್ ಮುಖ ಸಿಂಡರಿಸಿ, ಗೊತ್ತಿಲ್ಲ ಎಂದು ಬರೆದು, ಕೆಳಗೆ ಸಹಿ ಹಾಕಿದ. ಡ್ರೈವರು ನೀಲಿಯ ಬೆರಳುಗಳನ್ನು ಕಂಬಿಯಿಂದ ಬಿಡಿಸಿದ. ಜೀಪು ಹೊರಟಿತು.

ನೀಲಿ ಹೇಳಿದ್ದು: "ನಿನ್ ಹೆಸ್ರೇ ಬರ್ಸು."