ಬಂಡೆಯ ಪಕ್ಕದ ಜಾಗ

ಚಿಕ್ಕಂದಿನಲ್ಲಿ ಅಜ್ಜಿಯ ದಿಂಬಿಗಿದ್ದ ಒಣಹುಲ್ಲಿನ ವಾಸನೆಯೇ ಇಂದು ಬೆಟ್ಟವಿಡೀ ಹರಡಿತ್ತು. ಆದರೆ ಛಾಯಾಗ್ರಾಹಕನಿಗೆ ಕ್ಯಾಮೆರಾದೊಳಗೆ ಬೆಟ್ಟ ಬೆಟ್ಟದಂತೆ ಕಾಣಲೇ ಇಲ್ಲ. ಪ್ರತಿ ಬೇಸಿಗೆಯ ಕೊನೆಗೆ ಎದುರಿನ ಬಂಡೆಯ ಪಕ್ಕ ಹೆಂಡತಿ ನಿಲ್ಲುತ್ತಿದ್ದಳು. ಅವಳು ಚುಕ್ಕೆಯಷ್ಟು ಕಂಡಾಗಲೇ ಹಿಂದಿನ ಶಿಖರದ ಎತ್ತರ ತಿಳಿಯುತ್ತಿದ್ದುದು. "ನಾನೇನು ನಿಮ್ಮ ಅಳತೆಗೋಲಾ?" ಎಂದು ರೇಗಿಸುತ್ತಿದ್ದಳು. ಅವಳು ತೀರಿಕೊಂಡ ಮೇಲಿನ ಮೊದಲ ಬೇಸಿಗೆ ಇದು. ಅವನು ಒಂದೂ ಚಿತ್ರ ತೆಗೆಯದೆ ಕ್ಯಾಮೆರಾ ಬಿಚ್ಚತೊಡಗಿದ.

"ಏನಣ್ಣ, ಈ ಸಲ ಬೆಟ್ಟ ಮುನಿಸಿಕೊಂಡಿದ್ಯಾ?" ಊಟದ ಡಬ್ಬಿ ಹಿಡಿದು ಹತ್ತಿ ಬಂದಿದ್ದ ಕೆಳಗಿನ ವಸತಿಗೃಹದ ಅಡುಗೆಯವಳು ಕೇಳಿದಳು. ವರ್ಷವರ್ಷವೂ ಅವರಿಬ್ಬರನ್ನೂ ನೋಡಿದವಳು ಅವಳು.

"ಅಲ್ಲಿ ನಿಲ್ಲೋರಿಲ್ವಲ್ಲಮ್ಮ."

ಅವಳು ಡಬ್ಬಿ ಕೆಳಗಿಟ್ಟು ಬಂಡೆಯತ್ತ ನಡೆದಳು. ಅದರ ಬಳಿ ತಲುಪಿ, ಎರಡು ಹೆಜ್ಜೆ ಈಚೆಗೆ ಸರಿದು ನಿಂತಳು.

"ಅತ್ತಿಗೆಗೆ ಜಾಗ ಬಿಟ್ಟಿದ್ದೀನಿ ಅಣ್ಣಾ, ತೆಗೀರಿ!"

ಅವನು ಕ್ಯಾಮೆರಾ ಮತ್ತೆ ಜೋಡಿಸಿ ನೋಡಿದ. ಅವಳ ಪಕ್ಕದ ಖಾಲಿ ಜಾಗದ ಹಿಂದೆ ಶಿಖರ ಮತ್ತೆ ಎತ್ತರಕ್ಕೆ ಎದ್ದು ನಿಂತಿತು. ಅವನು ಗುಂಡಿ ಒತ್ತಿದ. ಮರಳಿ ಬಂದವಳು ಅವನ ಮುಖ ನೋಡಲಿಲ್ಲ. ಇನ್ನೂ ಬೆಚ್ಚಗಿದ್ದ ಡಬ್ಬಿಯ ಮುಚ್ಚಳ ತೆಗೆದು, ಅವನ ಕೈಗಿತ್ತಳು.