ಮೇಲಿನ ಚಿಲಕ

ಮತದಾನದ ಗಂಟೆ ನಿಂತಿತು. ಬಾಗಿಲು ಕಾಯುವವನು ಒಳಗಿನಿಂದ ವಿಧಾನಸಭೆಯ ಬಾಗಿಲು ದೂಡಿದರೆ, ಸಂದಿಯಲ್ಲಿ ಮಿರಮಿರ ಮಿಂಚುವ ಬೂಟೊಂದು ಅಡ್ಡ ಬಂತು. ಮಂತ್ರಿಯ ಬೂಟು.

"ತೆಗಿಯಯ್ಯಾ, ನಂದೊಂದು ಓಟು ಬಾಕಿ ಇದೆ."

"ಗಂಟೆ ನಿಂತ್ಮೇಲೆ ಯಾರನ್ನೂ ಬಿಡೋಹಾಗಿಲ್ಲ ಸಾರ್. ಕಾಲು ತೆಗೀರಿ."

ಹೇಳಿದಂತೆ ಕೇಳದ ನ್ಯಾಯಾಧೀಶರನ್ನು ಸರ್ಕಾರವೇ ಮನೆಗೆ ಕಳಿಸಬಹುದೆಂಬ ಮಸೂದೆ ಅದು. ಒಳಗೆ ಕೂತವರು ಎರಡು ಕಡೆಯೂ ಸಮಸಮ. ಈ ಒಂದು ಓಟು ಬಿದ್ದರೆ ಮುಗಿಯಿತು. ಬಾಗಿಲು ಕಾಯುವವನು ಸಭಾಧ್ಯಕ್ಷರತ್ತ ನೋಡಿದ. ದಿನವೂ ಎಲ್ಲರಿಗೂ ನಿಯಮ ಓದಿ ಹೇಳುವ ಅವರು ಈಗ ಕನ್ನಡಕ ಒರೆಸುವುದರಲ್ಲಿ ಮುಳುಗಿಹೋಗಿದ್ದರು.

ಬೂಟು ಹಿಂದೆ ಸರಿಯಿತು. ಅವನು ಬಾಗಿಲು ಮುಚ್ಚಿ ಕೆಳಗಿನ ಚಿಲಕ ಹಾಕಿದ. ಹೊರಗಿನಿಂದ ಬೆಣ್ಣೆಯಂಥ ದನಿ ಬಂತು.

"ನಿನ್ನ ಮಗಳು ನಮ್ಮ ಇಲಾಖೇಲೇ ನರ್ಸು ಅಲ್ವಾ? ಮೊನ್ನೆ ತಾನೆ ಹೆತ್ತವಳು, ಪಾಪ. ಯಾವ ಮೂಲೆಗೆ ಎತ್ತಾಕ್ಸಲಿ, ನೀನೇ ಹೇಳು."

ಎಣಿಕೆ ಇನ್ನೂ ಶುರುವಾಗಿರಲಿಲ್ಲ. ಈಗ ಚಿಲಕ ತೆಗೆದರೆ ಯಾಕೆಂದು ಕೇಳುವವರೂ ಇರಲಿಲ್ಲ. ಅವನ ಕೈ ಚಿಲಕದ ಮೇಲೇ ಇತ್ತು.

ಆಮೇಲೆ ಅವನು ತುದಿಗಾಲಲ್ಲಿ ನಿಂತು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುಟ್ಟದ, ತುಕ್ಕು ಹಿಡಿದ ಮೇಲಿನ ಚಿಲಕವನ್ನೂ ಜಡಿದ.