ಮಿಂಚುಮಸಿಯ ಮುಟ್ಟಾಳೆ

ಒಂದು ತೆಂಗಿನ ಗೆರಟೆ ತುಂಬ ಮಿಂಚುಮಸಿಗೆ ಎರಡು ಹೇಂಟೆ ಕೋಳಿ ಕೊಡಬೇಕು. ದುಬಾರಿಯೇ. ಆದರೆ ತಲೆಗಿಡುವ ಮುಟ್ಟಾಳೆಗೆ ಬಳಿದು ಬೆಳಗಿನ ಬಿಸಿಲಿಗಿಟ್ಟರೆ ಸಂಜೆವರೆಗೂ ತಣ್ಣಗೆ ಬೆಳಗುತ್ತದೆ. ಹಾಗಾಗಿ ನೀರಿಗಾಗಿ ಗುಡ್ಡದಲ್ಲಿ ಸುರಂಗ ಕೊರೆಯುವವರು ಈಗ ದೀಪ ಒಯ್ಯುವುದಿಲ್ಲ. ಒಂದನ್ನು ಮಾತ್ರ ನೆನಪಿಡಬೇಕು: ಗಾಳಿ ಕೆಟ್ಟರೆ ದೀಪ ನಂದುತ್ತದೆ, ಮಿಂಚುಮಸಿ ಇನ್ನಷ್ಟು ಬೆಳಗುತ್ತದೆ.

ಕುಂಞಣ್ಣ ನಾಯ್ಕರು ಇದನ್ನು ಅಳಿಯ ದೂಮಪ್ಪನಿಗೆ ಹೇಳಿದ್ದರು. ದೀಪ ಹಿಡಿದೇ ಕೆಲಸ ಕಲಿತವನಿಗೆ ಅದು ಮರೆತುಹೋಗಿತ್ತು.

"ಮಾವ, ಬೆಳಕು ಈಗ ಭಾರೀ ಲಾಯ್ಕ ಉಂಟು," ಎಂದು ಒಳಗಿನಿಂದ ಅವನ ಸ್ವರ ಬಂತು. "ಇನ್ನೊಂದು ಮೊಳ ಹೊಡೀತೇನೆ."

ಸುರಂಗದ ಬಾಯಲ್ಲಿ ಮಣ್ಣು ಹೊರುತ್ತಿದ್ದ ಕುಂಞಣ್ಣ ಹಾಗೇ ನಿಂತರು. ನಿಜ ಹೇಳಿದರೆ ಅಳಿಯ ಹೆದರುತ್ತಾನೆ. ಹೆದರಿದವನಿಗೆ ಏದುಸಿರು ಬರುತ್ತದೆ. ಆ ಇಕ್ಕಟ್ಟಿನಲ್ಲಿ ಅವನು ಬಿದ್ದರೆ, ಎಳೆಯಲು ಹೋದವನೂ ಅಲ್ಲೇ ಉಳಿಯುತ್ತಾನೆ.

"ಸಾಕು ಮಾರಾಯ," ಎಂದರು, ಸ್ವರ ನಡುಗದಂತೆ. "ನಿನ್ನ ಹೆಂಡತಿ ಬಂಗುಡೆ ಸಾರು ತಂದಿದ್ದಾಳೆ. ನಿಧಾನ ಬಾ."

"ಈಗಲೇ ಎಂತ ಗಡಿಬಿಡಿ?"

"ಬಾರದಿದ್ರೆ ನಿನ್ನ ಪಾಲೂ ನನ್ನ ಹೊಟ್ಟೆಗೆ. ಆಮೇಲೆ ಅವಳ ಹತ್ರ ದೂರು ಹೇಳ್ಬೇಡ."

ಒಳಗೆ ನಗು ಕೇಳಿಸಿತು. ತೆವಳುವ ಸದ್ದು ಹತ್ತಿರ ಬಂತು, ನಡುವೆ ನಿಂತಿತು. ಕುಂಞಣ್ಣ ಮುಂದಕ್ಕೆ ಬಾಗಿದರು. ಸದ್ದು ಮತ್ತೆ ಶುರುವಾಯಿತು.

ಹೊರಬಂದ ದೂಮಪ್ಪನ ತುಟಿ ನೀಲಿಯಾಗಿತ್ತು. "ತಲೆ ತಿರುಗ್ತದೆ ಮಾವ. ಪಿಕ್ಕಾಸು ಅಲ್ಲೇ ಬಿಟ್ಟೆ. ಮೀನು ಎಲ್ಲಿ?"

"ಮೀನಿಲ್ಲ. ಮುಟ್ಟಾಳೆ ತೆಗೆದು ನೋಡು."

ಹೊರಗಿನ ಒಳ್ಳೆಯ ಗಾಳಿಗೆ ಅದು ಮಂಕಾಗತೊಡಗಿತ್ತು. ದೂಮಪ್ಪ ನೋಡಿದ, ಕುಸಿದು ಕೂತ.

ಮರುದಿನ ಸುರಂಗದ ಬಾಯಿಗೆ ಕಲ್ಲು ಕಟ್ಟಿದರು. ಪಿಕ್ಕಾಸು ಹೋಯಿತು, ಬೇಸಿಗೆಯ ದುಡಿಮೆ ಹೋಯಿತು, ನೀರು ಸಿಗಲಿಲ್ಲ. ಅಳಿಯ ಉಳಿದ.